ಪರಿಹಾಸ ಮತ್ತು ಪ್ರಮಾದ

ತನ್ನ ಮಾತಿನಿಂದಾಗಲಿ ವರ್ತನೆಯಿಂದಾಗಲಿ ಮತ್ತೊಬ್ಬರ ಮನಸ್ಸು ನೊಂದಿತೆಂದು ತಿಳಿದಾಗ ಮನುಷ್ಯನು ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುತ್ತಾನೆ. 'ತಮಾಷೆಗೆ ಹೇಳಿದೆ' ಎಂಬುದು ಒಂದು; 'ನನಗೆ ಗೊತ್ತಿರಲಿಲ್ಲ' ಎಂಬುದು ಇನ್ನೊಂದು. ಮೊದಲನೆಯದು ಉದ್ದೇಶವನ್ನು ಒಪ್ಪಿಕೊಂಡು ಅದರ ತೂಕವನ್ನು ಕಡಿಮೆ ಮಾಡುತ್ತದೆ. ಎರಡನೆಯದು ಉದ್ದೇಶವನ್ನೇ ಅಲ್ಲಗಳೆಯುತ್ತದೆ. ಈ ಎರಡೂ ಸಮಾಧಾನಗಳು ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬ ಪ್ರಶ್ನೆ ಬಹಳ ಹಳೆಯದು. ಹೊಸ ಕಾಲದ ಒಂದು ದೂರದರ್ಶನ ಕಾರ್ಯಕ್ರಮವು ಅದೇ ಪ್ರಶ್ನೆಯನ್ನು ಲೋಕದೆದುರಿಗೆ ಮತ್ತೊಮ್ಮೆ ತಂದಿಟ್ಟಿತು. ಆ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಬ್ರಿಟನ್ನಿನ ಬಿಬಿಸಿ ಸಂಸ್ಥೆಯ 'ಟಾಪ್ ಗೇರ್' ಎಂಬ ಮೋಟಾರು ವಾಹನಗಳ ಕಾರ್ಯಕ್ರಮವನ್ನು ನಮ್ಮ ಓದುಗರಲ್ಲಿ, ವಿಶೇಷವಾಗಿ ಕಿರಿಯರಲ್ಲಿ, ನೋಡಿದವರು ಅನೇಕರಿರಬಹುದು. 2002ರಲ್ಲಿ ಹೊಸ ರೂಪದಲ್ಲಿ ಆರಂಭವಾದ ಈ ಕಾರ್ಯಕ್ರಮವು ಜೆರೆಮಿ ಕ್ಲಾರ್ಕ್‌ಸನ್, ರಿಚರ್ಡ್ ಹ್ಯಾಮಂಡ್ ಮತ್ತು ಜೇಮ್ಸ್ ಮೇ ಎಂಬ ಮೂವರು ನಿರೂಪಕರ ಜಗಳ, ಕುಚೇಷ್ಟೆ ಹಾಗೂ ಸ್ನೇಹಗಳ ಬಲದಿಂದ ಲೋಕಪ್ರಸಿದ್ಧವಾಯಿತು. ವಾಹನಗಳ ಗುಣದೋಷ ವಿವೇಚನೆಯು ಕ್ರಮೇಣ ಹಿಂದೆ ಸರಿದು, ಮೂವರು ನಡುವಯಸ್ಸಿನ ಗೃಹಸ್ಥರು ಹಳೆಯ ಕಾರುಗಳಲ್ಲಿ ಪರದೇಶದ ದುರ್ಗಮ ದಾರಿಗಳನ್ನು ಕ್ರಮಿಸುವ ಸಾಹಸವೇ ಅದರ ಮುಖ್ಯ ಆಕರ್ಷಣೆಯಾಯಿತು. ಇಂಥ ಪ್ರಯಾಣಗಳಲ್ಲಿ ಒಂದು, 2014ರ ಶರತ್ಕಾಲದಲ್ಲಿ ದಕ್ಷಿಣ ಅಮೆರಿಕದ ಪೆಟಗೋನಿಯಾ ಪ್ರಾಂತದಲ್ಲಿ ನಡೆದುದು, ಕಲ್ಲೆಸೆತದಲ್ಲಿ ಕೊನೆಗೊಂಡಿತು.

ಯೋಜನೆ ಸರಳವಾಗಿತ್ತು. ಎಂಟು ಸಿಲಿಂಡರುಗಳ ಎಂಜಿನ್ ಹೊಂದಿದ ಮೂರು ಕಾರುಗಳು: ಕ್ಲಾರ್ಕ್‌ಸನ್ನರ ಪಾಲಿಗೆ ಪೋರ್ಷೆ 928, ಮೇ ಅವರಿಗೆ ಲೋಟಸ್ ಎಸ್ಪ್ರಿ, ಹ್ಯಾಮಂಡರಿಗೆ ಫೋರ್ಡ್ ಮಸ್ಟ್ಯಾಂಗ್. ಅರ್ಜೆಂಟೀನಾದ ಬರಿಲೋಚೆಯಿಂದ ಹೊರಟು, ನಡುವೆ ಚಿಲಿ ದೇಶವನ್ನು ಹಾದು, ಭೂಖಂಡದ ದಕ್ಷಿಣ ತುದಿಯ ಉಶುವಾಯಾ ಪಟ್ಟಣವನ್ನು ಸೇರುವುದು. ಅಲ್ಲಿ ಕಾರುಗಳಿಂದಲೇ ಒಂದು ಫುಟ್‌ಬಾಲ್ ಪಂದ್ಯವನ್ನಾಡಿ ಪ್ರಯಾಣವನ್ನು ಮುಗಿಸುವುದು. ಆ ಪಂದ್ಯ ನಡೆಯಲೇ ಇಲ್ಲ. ಪೋರ್ಷೆ ಕಾರಿನ ನೋಂದಣಿ ಫಲಕವೇ ಎಲ್ಲವನ್ನೂ ತಲೆಕೆಳಗು ಮಾಡಿತು. ಅದರ ಮೇಲಿದ್ದುದು 'ಎಚ್ 982 ಎಫ್‌ಕೆಎಲ್' ಎಂಬ ಅಕ್ಷರಾಂಕಗಳು. 982 ಎಂದರೆ 1982. ಎಫ್‌ಕೆಎಲ್ ಎಂದರೆ ಫಾಕ್‌ಲೆಂಡ್. ಅರ್ಜೆಂಟೀನಾದವರು ಅದನ್ನು ಹಾಗೆ ಓದಿದರು. ತಾವು ಸೋತ ಯುದ್ಧವನ್ನು ನೆನಪಿಸಿ ಹಂಗಿಸುವುದಕ್ಕಾಗಿಯೇ ಆಂಗ್ಲರು ಈ ಫಲಕವನ್ನು ತಗುಲಿಸಿಕೊಂಡು ಬಂದಿದ್ದಾರೆ ಎಂಬ ಮಾತು ಕಾರುಗಳಿಗಿಂತ ಮೊದಲೇ ಉಶುವಾಯಾವನ್ನು ತಲುಪಿತ್ತು.

ಅಕ್ಟೋಬರ್ ತಿಂಗಳ ಆರಂಭದಲ್ಲಿ ತಂಡವು ಊರನ್ನು ಸೇರಿದಾಗ, ಯುದ್ಧದಲ್ಲಿ ಹೋರಾಡಿದ ಮಾಜಿ ಸೈನಿಕರು ಅವರು ತಂಗಿದ್ದ ಹೋಟೆಲಿಗೆ ಬಂದು ಪ್ರತಿಭಟಿಸಿದರು. ಪಟ್ಟಣವನ್ನು ಬಿಟ್ಟು ಹೋಗಬೇಕೆಂಬ ಒತ್ತಡ ಬಂದಿತು. ಮೂವರು ನಿರೂಪಕರು ವಿಮಾನವೇರಿ ಹೊರಟುಹೋದರು. ಛಾಯಾಗ್ರಾಹಕರು, ತಂತ್ರಜ್ಞರು, ಸಹಾಯಕರು ವಾಹನಗಳ ಸಾಲಿನಲ್ಲಿ ಚಿಲಿಯ ಗಡಿಯತ್ತ ರಸ್ತೆ ಹಿಡಿದರು. ದಾರಿಯಲ್ಲಿ ತೋಲ್ವಿನ್ ಎಂಬ ಚಿಕ್ಕ ಊರಿನ ಬಳಿ ಜನ ಅಡ್ಡಗಟ್ಟಿ ಕಲ್ಲು ಮೊಟ್ಟೆಗಳನ್ನು ಎಸೆದರು. ಗಾಜುಗಳು ಒಡೆದವು, ಚೂರುಗಳಿಂದ ಕೆಲವರಿಗೆ ಗಾಯಗಳಾದವು. ಮೂರು ಕಾರುಗಳನ್ನೂ ರಸ್ತೆಯ ಬದಿಯಲ್ಲಿಯೇ ಬಿಟ್ಟು ತಂಡವು ಗಡಿಯನ್ನು ದಾಟಿತು.

ಈ ಸಿಟ್ಟು ಎಲ್ಲಿಂದ ಬಂದಿತೆಂದು ತಿಳಿಯಬೇಕಾದರೆ ಆ ಪಟ್ಟಣವು ಎಂಥದೆಂಬುದನ್ನು ಅರಿಯಬೇಕು. ಫಾಕ್‌ಲೆಂಡ್ ದ್ವೀಪಗಳನ್ನು ಅರ್ಜೆಂಟೀನಾದವರು ಮಾಲ್ವಿನಾಸ್ ಎನ್ನುತ್ತಾರೆ. 1982ರ ಏಪ್ರಿಲ್ 2ರಂದು ಆ ದೇಶದ ಸೇನಾಡಳಿತವು ದ್ವೀಪಗಳನ್ನು ವಶಪಡಿಸಿಕೊಂಡಿತು. ಬ್ರಿಟನ್ ನೌಕಾಪಡೆಯನ್ನು ಕಳುಹಿಸಿತು. ಜೂನ್ 14ರಂದು ಅರ್ಜೆಂಟೀನಾದ ಪಡೆ ಶರಣಾಯಿತು. 74 ದಿನಗಳ ಆ ಯುದ್ಧದಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ ಮತ್ತು ದ್ವೀಪವಾಸಿಗಳಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಅರ್ಜೆಂಟೀನಾದ ಮೃತರಲ್ಲಿ 323 ಮಂದಿ ಒಂದೇ ಹಡಗಿನವರು. 'ಜನರಲ್ ಬೆಲ್‌ಗ್ರಾನೊ' ಎಂಬ ಆ ಯುದ್ಧನೌಕೆಯನ್ನು ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿಸಿತು. ಆ ಹಡಗು ತನ್ನ ಕೊನೆಯ ಯಾನಕ್ಕೆ ಹೊರಟದ್ದು ಉಶುವಾಯಾದ ಬಂದರಿನಿಂದಲೇ. ಅದು ಮುಳುಗಿದ ಸುದ್ದಿಗೆ ಲಂಡನ್ನಿನ 'ದಿ ಸನ್' ಪತ್ರಿಕೆ ಬೇಟೆಗಾರನ ಗೆಲುವಿನ ಕೂಗಿನಂಥ ಒಂದೇ ಪದದ ಶೀರ್ಷಿಕೆಯನ್ನು ಕೊಟ್ಟಿತು. ಸಾವಿನ ಪ್ರಮಾಣ ತಿಳಿದ ಮೇಲೆ ಅದೇ ದಿನದ ಮುಂದಿನ ಆವೃತ್ತಿಗಳಲ್ಲಿ ಆ ಶೀರ್ಷಿಕೆಯನ್ನು ಬದಲಾಯಿಸಬೇಕಾಯಿತು.

ಅರ್ಜೆಂಟೀನಾದ ಪರವಾಗಿ ದ್ವೀಪಗಳಿಗೆ ಹೋದ ಸೈನಿಕರಲ್ಲಿ ಬಹುಮಂದಿ ಕಡ್ಡಾಯ ಸೇವೆಗೆ ಕರೆಸಿಕೊಂಡ ಹದಿನೆಂಟು ಹತ್ತೊಂಬತ್ತರ ಹುಡುಗರು. ಬೆಚ್ಚನೆಯ ಉತ್ತರದ ಪ್ರಾಂತಗಳಿಂದ ಬಂದ ಎಷ್ಟೋ ಹುಡುಗರು ಆ ಚಳಿಯಲ್ಲಿ ಸರಿಯಾದ ಬಟ್ಟೆಯೂ ಆಹಾರವೂ ಇಲ್ಲದೆ ಕಂದಕಗಳಲ್ಲಿ ಕುಳಿತಿದ್ದರು. ಸೋತು ಮರಳಿದವರನ್ನು ಬರಮಾಡಿಕೊಳ್ಳುವವರಿರಲಿಲ್ಲ. ಸೇನಾಡಳಿತಕ್ಕೆ ಅವರು ತನ್ನ ಸೋಲಿನ ಸಾಕ್ಷಿಗಳಾಗಿದ್ದರು; 1983ರಲ್ಲಿ ಮರಳಿದ ಪ್ರಜಾಪ್ರಭುತ್ವಕ್ಕೆ ಅವರು ಸೇನಾಡಳಿತದ ನೆನಪಾಗಿದ್ದರು. ಹೀಗೆ ಎರಡೂ ಕಡೆಯಿಂದ ಮರೆತುಹೋದ ಮನುಷ್ಯರು ಅವರು. ಉಶುವಾಯಾ ರಾಜಧಾನಿಯಾಗಿರುವ ಪ್ರಾಂತದ ಅಧಿಕೃತ ಹೆಸರಿನಲ್ಲಿಯೇ ದಕ್ಷಿಣ ಅಟ್ಲಾಂಟಿಕ್ ದ್ವೀಪಗಳ ಉಲ್ಲೇಖವಿದೆ. ಊರಿನಲ್ಲಿ ಮಡಿದವರ ಸ್ಮಾರಕವಿದೆ. ದ್ವೀಪಗಳು ಯಾರಿಗೆ ಸೇರಬೇಕೆಂಬುದು ಇಲ್ಲಿಯ ವಿಚಾರವಲ್ಲ. 2013ರ ಜನಮತಗಣನೆಯಲ್ಲಿ ಮತ ಚಲಾಯಿಸಿದ ದ್ವೀಪವಾಸಿಗಳಲ್ಲಿ ಶೇಕಡಾ 99.8ರಷ್ಟು ಜನ ಬ್ರಿಟನ್ನಿನ ಆಶ್ರಯದಲ್ಲಿಯೇ ಇರಲು ಬಯಸಿದರು. ಅರ್ಜೆಂಟೀನಾ ಅದನ್ನು ಮಾನ್ಯ ಮಾಡಲಿಲ್ಲ. ಆ ವಿವಾದದಲ್ಲಿ ಯಾವ ಪಕ್ಷವನ್ನು ವಹಿಸಿದರೂ ಉಶುವಾಯಾದ ತಾಯಂದಿರ ದುಃಖವು ದುಃಖವೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಫಲಕವು ಉದ್ದೇಶಪೂರ್ವಕವಾಗಿತ್ತೇ? ಕಾರ್ಯಕ್ರಮದ ನಿರ್ಮಾಪಕ ಆಂಡಿ ವಿಲ್ಮನ್ ಅವರೂ ಕ್ಲಾರ್ಕ್‌ಸನ್ನರೂ ಇದು ಕೇವಲ ಆಕಸ್ಮಿಕವೆಂದು ದೃಢವಾಗಿ ಹೇಳಿದರು. ಕಾರನ್ನು ಕೊಂಡಾಗ ಫಲಕವು ಅದರ ಮೇಲಿತ್ತು. ವಿಷಯ ಗಮನಕ್ಕೆ ಬಂದೊಡನೆ ಅದನ್ನು ತೆಗೆದುಹಾಕಲಾಯಿತು ಎಂಬುದು ಅವರ ಹೇಳಿಕೆ. ಇದನ್ನು ಸುಳ್ಳೆಂದು ತಳ್ಳಿಹಾಕಲಾಗದು. ಬ್ರಿಟನ್ನಿನ ಅಂದಿನ ನೋಂದಣಿ ಪದ್ಧತಿಯಲ್ಲಿ ಮೊದಲ ಅಕ್ಷರವು ವಾಹನದ ವರ್ಷವನ್ನು ಸೂಚಿಸುತ್ತದೆ. ಎಚ್ ಎಂದರೆ 1990ರ ಆಗಸ್ಟ್‌ನಿಂದ 1991ರ ಜುಲೈವರೆಗಿನ ಅವಧಿ. ಕೊನೆಯ ಎರಡು ಅಕ್ಷರಗಳು ನೋಂದಣಿಯಾದ ಸ್ಥಳವನ್ನು ಸೂಚಿಸುತ್ತವೆ. ಮಿಕ್ಕದ್ದು ಸರಣಿ ಸಂಖ್ಯೆ. ಕಾರು ಆ ಕಾಲದ್ದೇ ಆಗಿತ್ತು. ಇಪ್ಪತ್ತಮೂರು ವರ್ಷಗಳ ಹಿಂದೆ ಯಾವುದೋ ಕಚೇರಿಯಲ್ಲಿ ಯಾರದೋ ಕೈಯಿಂದ ಬಂದ ಸರಣಿ ಸಂಖ್ಯೆಯು ಹೀಗೆ ಅರ್ಥವಂತವಾಗಿ ಕಾಣಿಸಿಕೊಳ್ಳುವುದು ಅಪರೂಪವೇ ಹೊರತು ಅಸಂಭವವಲ್ಲ. ಆದರೆ ಅಂಥ ಸಂಖ್ಯೆಯುಳ್ಳ ಕಾರನ್ನೇ ಹುಡುಕಿ ಕೊಂಡಿರಬಹುದೆಂಬ ಸಂಶಯವೂ ಅಸಂಬದ್ಧವಲ್ಲ. ಅವರ ಅಂತರಂಗದ ಸಾಕ್ಷಿ ನಮ್ಮ ಬಳಿ ಇಲ್ಲ. ಆದುದರಿಂದ ಅವರ ಮಾತನ್ನೇ ಸತ್ಯವೆಂದು ಅಂಗೀಕರಿಸಿ ಮುಂದುವರಿಯುವುದು ನ್ಯಾಯ.

ಅಂಗೀಕರಿಸಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಅವರ ಸತ್ಯವನ್ನು ಯಾರೂ ಏಕೆ ನಂಬಲಿಲ್ಲ?

ಉತ್ತರವು ಅವರ ಹಿಂದಿನ ಪ್ರಯಾಣಗಳಲ್ಲಿದೆ. 2011ರ ಜನವರಿಯಲ್ಲಿ ಇದೇ ಮೂವರು ಮೆಕ್ಸಿಕೋ ದೇಶದ ಒಂದು ಕಾರನ್ನು ನೆಪ ಮಾಡಿಕೊಂಡು ಅಲ್ಲಿಯ ಜನರನ್ನು ಸೋಮಾರಿಗಳೆಂದೂ ಕೆಲಸಕ್ಕೆ ಬಾರದವರೆಂದೂ ಹಳಿದರು. ಆ ದೇಶದ ರಾಯಭಾರಿ ದೂರು ಕೊಡಲಾರರು, ಏಕೆಂದರೆ ನಿದ್ದೆ ಮಾಡುತ್ತಿರುತ್ತಾರೆ ಎಂದೂ ಸೇರಿಸಿದರು. ರಾಯಭಾರಿ ದೂರು ಕೊಟ್ಟರು. ಬಿಬಿಸಿ ಅವರಲ್ಲಿ ಕ್ಷಮೆ ಕೋರಿತು. ಆದರೆ ಜನಾಂಗಗಳನ್ನು ಕುರಿತ ರೂಢಿಯ ಹಾಸ್ಯವು ಬ್ರಿಟಿಷ್ ವಿನೋದದ ಅಂಗವೆಂಬ ಸಮರ್ಥನೆಯನ್ನೂ ಜೊತೆಗೆ ಇಟ್ಟಿತು.

ಅದೇ ವರ್ಷದ ಡಿಸೆಂಬರ್ 28ರಂದು ಪ್ರಸಾರವಾದುದು ಭಾರತದ ಪ್ರಯಾಣ. ಮುಂಬಯಿಯಿಂದ ಹಿಮಾಲಯದವರೆಗಿನ ಆ ಚಿತ್ರದಲ್ಲಿ ಕ್ಲಾರ್ಕ್‌ಸನ್ನರು ತಮ್ಮ ಜಾಗ್ವಾರ್ ಕಾರಿನ ಹಿಂಬದಿಗೆ ಶೌಚಾಸನವನ್ನು ಜೋಡಿಸಿ, ಈ ದೇಶಕ್ಕೆ ಬಂದವರಿಗೆಲ್ಲ ಹೊಟ್ಟೆ ಕೆಡುತ್ತದೆಂದು ವಿನೋದ ಮಾಡಿದರು. ರೈಲಿನ ಡಬ್ಬಿಗಳಿಗೆ ಬ್ರಿಟಿಷ್ ವ್ಯಾಪಾರವನ್ನು ಹೊಗಳುವ ಉದ್ದನೆಯ ಬರಹಗಳನ್ನು ಕಟ್ಟಿದರು. ಡಬ್ಬಿಗಳು ಬೇರೆಯಾದಾಗ ಉಳಿದ ಅಕ್ಷರಗಳು ಅಶ್ಲೀಲವಾಗಿ ಓದಿಸಿಕೊಳ್ಳುವಂತೆ ಅವು ರಚಿತವಾಗಿದ್ದವು. ಲಂಡನ್ನಿನ ಭಾರತೀಯ ಹೈಕಮಿಷನ್ 2012ರ ಜನವರಿಯಲ್ಲಿ ಬಿಬಿಸಿಗೆ ಪತ್ರ ಬರೆದು, ಚಿತ್ರೀಕರಣಕ್ಕೆ ನೆರವು ಕೋರುವಾಗ ಕೊಟ್ಟ ಮಾತಿಗೆ ಈ ವರ್ತನೆ ವಿರುದ್ಧವೆಂದು ಆಕ್ಷೇಪಿಸಿತು. ಹಾಸ್ಯದ ಗುರಿ ನಿರೂಪಕರ ಪೆದ್ದುತನವೇ ಹೊರತು ಭಾರತೀಯರಲ್ಲ ಎಂಬುದು ಬಿಬಿಸಿಯ ಸಮಾಧಾನವಾಗಿತ್ತು. ಅಕ್ಷರಗಳನ್ನು ಹೇಗೆ ಜೋಡಿಸಿದರೆ ಯಾವ ಅರ್ಥ ಹೊಮ್ಮುತ್ತದೆಂದು ಇಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದವರು ಮೂರು ವರ್ಷಗಳ ತರುವಾಯ ತಮ್ಮದೇ ಕಾರಿನ ಏಳು ಅಕ್ಷರಾಂಕಗಳನ್ನು ಗಮನಿಸಲಿಲ್ಲವೆಂದರೆ ಕೇಳುವವರಿಗೆ ಅದು ನಂಬಿಕೆಗೆ ಬಾರದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ಗಂಭೀರವಾದುದು ಬರ್ಮಾ ಪ್ರಯಾಣದ ಪ್ರಸಂಗ. 2014ರ ಮಾರ್ಚ್‌ನಲ್ಲಿ ಪ್ರಸಾರವಾದ ಆ ಚಿತ್ರದ ಕೊನೆಯಲ್ಲಿ ಅವರು ಥಾಯ್ಲೆಂಡಿನ ನದಿಯೊಂದಕ್ಕೆ ಸೇತುವೆ ಕಟ್ಟುತ್ತಾರೆ. ಏಷ್ಯಾದ ಒಬ್ಬ ಮನುಷ್ಯನು ಅದರ ಮೇಲೆ ನಡೆದು ಬರುತ್ತಿರುವಾಗ ಕ್ಲಾರ್ಕ್‌ಸನ್ನರು ಬಳಸಿದ ಒಂದು ಪದಕ್ಕೆ ಆಂಗ್ಲದಲ್ಲಿ 'ಇಳಿಜಾರು' ಎಂಬ ಅರ್ಥವಿದೆ; ಏಷ್ಯಾದವರನ್ನು ಹೀನೈಸುವ ಅರ್ಥವೂ ಇದೆ. ಆಕ್ಷೇಪಣೆ ಬಂದಾಗ ನಿರ್ಮಾಪಕರು ಕ್ಷಮೆ ಕೋರಿ, ಆ ಪದವು ಕೆಲವರಿಗೆ ಅವಮಾನಕರವೆಂಬುದು ತಮಗೆ ಆಗ ತಿಳಿದಿರಲಿಲ್ಲವೆಂದರು. ಆದರೆ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಆ ವರ್ಷದ ಜುಲೈನಲ್ಲಿ, ಪದವನ್ನು ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ, ಇದು ನಿಯಮದ ಉಲ್ಲಂಘನೆ ಎಂದು ತೀರ್ಮಾನಿಸಿತು. ಉಶುವಾಯಾದ ಘಟನೆ ನಡೆದದ್ದು ಇದಾದ ಮೂರು ತಿಂಗಳೊಳಗೆ.

ಬರ್ಮಾದ ವಿಷಯದಲ್ಲಿ 'ಗೊತ್ತಿರಲಿಲ್ಲ' ಎಂಬ ಮಾತು ನಿಲ್ಲಲಿಲ್ಲ. ಅರ್ಜೆಂಟೀನಾದಲ್ಲಿ ಅದೇ ಮಾತು ಒಂದು ವೇಳೆ ನಿಜವಾಗಿದ್ದಿದ್ದರೂ ಅದಕ್ಕೆ ಬೆಲೆ ಇರಲಿಲ್ಲ. ನಿಜ ನುಡಿಯುವವನಿಗೂ ನಂಬಿಕೆಯೆಂಬ ಮೂಲಧನ ಬೇಕು. ಹಾಸ್ಯದ ಹೆಸರಿನಲ್ಲಿ ಅದನ್ನು ಸ್ವಲ್ಪಸ್ವಲ್ಪವಾಗಿ ಖರ್ಚು ಮಾಡಿದವನು ಅಗತ್ಯ ಬಿದ್ದ ದಿನ ಬರಿಗೈಯಲ್ಲಿ ನಿಲ್ಲುತ್ತಾನೆ. ಒಂದು ಸುಳ್ಳಿನಿಂದ ಆಗುವ ದೊಡ್ಡ ಹಾನಿಯೆಂದರೆ ಮುಂದಿನ ಸತ್ಯವೂ ಸುಳ್ಳಿನಂತೆ ಕೇಳಿಸುವುದು.

ಇನ್ನು ಪ್ರಮಾದದ ವಿಚಾರ. ಫಲಕವು ಆಕಸ್ಮಿಕವೆಂದೇ ಇಟ್ಟುಕೊಂಡರೂ, ಅದು ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ದೋಷರಹಿತವಾದ ಸಂಗತಿಯೇ? ತಿಂಗಳುಗಟ್ಟಲೆ ಸಿದ್ಧತೆ ನಡೆಸಿ, ದಾರಿ, ಇಂಧನ, ಹವಾಮಾನ, ಬಿಡಿಭಾಗಗಳೆಲ್ಲವನ್ನೂ ಲೆಕ್ಕ ಹಾಕಿದ ತಂಡವು ಹೋಗುತ್ತಿರುವ ಊರಿನವರ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸಲಿಲ್ಲ. ಯಾತ್ರಿಕನು ಕತ್ತಲೆಯಲ್ಲಿ ಕಾಲಿಡುವಾಗ ನೆಲವನ್ನು ನೋಡಿ ಇಡಬೇಕೆಂಬುದು ಸಾಮಾನ್ಯ ವಿವೇಕ. ನೋಡದೆ ತುಳಿದುದಕ್ಕೂ ಬೇಕೆಂದು ತುಳಿದುದಕ್ಕೂ ವ್ಯತ್ಯಾಸವಿದೆ, ಖಂಡಿತವಾಗಿ. ಎರಡನ್ನೂ ಸಮಾನವೆನ್ನುವುದು ಅನ್ಯಾಯ. ಆದರೆ ನೋಡದೆ ತುಳಿದವನು 'ನನ್ನ ಪಾಲು ಏನೂ ಇಲ್ಲ' ಎನ್ನಲಾರನು. ಅವನ ದೋಷಕ್ಕೆ ದ್ವೇಷವೆಂದು ಹೆಸರಲ್ಲ, ಅಜಾಗರೂಕತೆಯೆಂದು ಹೆಸರು. ಲೋಕದಲ್ಲಿ ಆಗುತ್ತಿರುವ ನೋವುಗಳಲ್ಲಿ ದ್ವೇಷದಿಂದಾದವುಗಳಿಗಿಂತ ಅಜಾಗರೂಕತೆಯಿಂದಾದವುಗಳೇ ಹೆಚ್ಚಲ್ಲವೇ?

ಚಿತ್ರವನ್ನು ಚಿತ್ರವಾಗಿಯೂ ನೋಡಬೇಕು. ಅದು 2014ರ ಡಿಸೆಂಬರ್ 27 ಮತ್ತು 28ರಂದು ಎರಡು ಭಾಗಗಳಲ್ಲಿ ಪ್ರಸಾರವಾಯಿತು. ಪೆಟಗೋನಿಯಾದ ಬಯಲು, ಹಿಮಪರ್ವತ, ಕಾಡು, ಕಡಲಂಚುಗಳ ಛಾಯಾಗ್ರಹಣವು ಅಪೂರ್ವವಾದುದು. ಮೂವರ ಪರಸ್ಪರ ಲೇವಡಿಗೆ ಈ ಲೇಖಕನೂ ಅನೇಕ ಕಡೆ ನಕ್ಕಿದ್ದಾನೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಕಾರು ಕೆಸರಿನಲ್ಲಿ ಹೂತುಹೋದಾಗ ಪರದಾಡುವ ಸಿರಿವಂತ ಗೃಹಸ್ಥನು ತನ್ನನ್ನು ತಾನೇ ಹಾಸ್ಯಕ್ಕೊಡ್ಡಿಕೊಳ್ಳುತ್ತಾನೆ. ಆ ಹಾಸ್ಯ ಆರೋಗ್ಯಕರ. ಅದರಿಂದ ಯಾರೂ ಚಿಕ್ಕವರಾಗುವುದಿಲ್ಲ. ಕಾರ್ಯಕ್ರಮದ ನಿಜವಾದ ಪ್ರತಿಭೆ ಇದ್ದುದೂ ಇಲ್ಲಿಯೇ.

ಕೊನೆಯ ಭಾಗದಲ್ಲಿ ಚಿತ್ರದ ಧಾಟಿ ಬದಲಾಗುತ್ತದೆ. ಒಡೆದ ಗಾಜು, ಕತ್ತಲೆಯ ರಸ್ತೆ, ಬೆನ್ನಟ್ಟುವ ವಾಹನಗಳು, ಭಯಗೊಂಡ ಮುಖಗಳು ಎಲ್ಲವೂ ಬರುತ್ತವೆ. ಆ ಭಯ ನಿಜವಾದುದು. ಅದನ್ನು ಲಘುವಾಗಿ ಕಾಣಲಾಗದು. ಆದರೆ ಇಷ್ಟು ದೀರ್ಘವಾದ ಚಿತ್ರದಲ್ಲಿ ಆ ಮಾಜಿ ಸೈನಿಕರು ಯಾರು, ಅವರು ಏಕೆ ಬಂದರು, ಅವರ ಊರಿನಿಂದ ಹೊರಟ ಹಡಗಿಗೆ ಏನಾಯಿತು ಎಂಬುದನ್ನು ಪ್ರೇಕ್ಷಕನಿಗೆ ಮನಗಾಣಿಸುವ ಪ್ರಯತ್ನವಿಲ್ಲ. ಅವರು ಒಂದು ಗುಂಪಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಹಾಸ್ಯಕ್ಕಾಗಿ ಅನ್ಯರನ್ನು ಚಪ್ಪಟೆಯಾಗಿ ಚಿತ್ರಿಸುವ ಅಭ್ಯಾಸವು ಗಂಭೀರವಾಗಬೇಕಾದ ಗಳಿಗೆಯಲ್ಲಿಯೂ ಬಿಡಲಿಲ್ಲ. ಚಿತ್ರದ ದೊಡ್ಡ ಕೊರತೆ ಇದು.

ಇನ್ನೊಂದು ಸಂಗತಿಯೂ ಮನಸ್ಸಿನಲ್ಲಿ ಉಳಿಯುತ್ತದೆ. ಮಾತನಾಡಿ ಹೆಸರು ಗಳಿಸಿದವರು ವಿಮಾನದಲ್ಲಿ ಹೋದರು. ಕ್ಯಾಮರಾ ಹಿಡಿದವರು, ಸಾಮಾನು ಹೊತ್ತವರು ಕಲ್ಲಿನ ದಾರಿಯಲ್ಲಿ ಹೋದರು. ಜನರ ಸಿಟ್ಟಿಗೆ ಗುರಿಯಾದವರು ತಾವೇ ಆದ್ದರಿಂದ ತಾವು ಹೊರಟುಹೋದರೆ ಉಳಿದವರು ಸುರಕ್ಷಿತರಾಗುತ್ತಾರೆಂದು ಭಾವಿಸಿದ್ದಾಗಿ ನಿರೂಪಕರ ವಿವರಣೆ. ಅದನ್ನು ನಂಬೋಣ. ಆದರೂ ದೊಡ್ಡವರ ಮಾತಿನ ಫಲವನ್ನು ಅನೇಕ ವೇಳೆ ಅನುಭವಿಸುವವರು ಆ ಮಾತನ್ನಾಡದ ಸಾಮಾನ್ಯರೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಕಲ್ಲೆಸೆದವರನ್ನು ಸಮರ್ಥಿಸಲು ಸಾಧ್ಯವಿಲ್ಲ. ಹೋಟೆಲಿಗೆ ಬಂದು ತಮ್ಮ ನೋವನ್ನು ಹೇಳಿಕೊಂಡ ವೃದ್ಧ ಸೈನಿಕನನ್ನೂ ರಸ್ತೆಯಲ್ಲಿ ಕಾದು ನಿಂತು ಕಲ್ಲು ಬೀಸಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಮೊದಲನೆಯವನದು ದುಃಖದ ಹಕ್ಕು. ಎರಡನೆಯವನು ಆ ದುಃಖವನ್ನು ಎರವಲು ಪಡೆದು ತನ್ನ ಸಿಟ್ಟಿಗೆ ಬಟ್ಟೆ ತೊಡಿಸಿದವನು. ಫಲಕವನ್ನು ಆಗಲೇ ತೆಗೆಯಲಾಗಿತ್ತು. ತಂಡವು ಊರು ಬಿಟ್ಟು ಹೊರಟಿತ್ತು. ಹೊರಟುಹೋಗುತ್ತಿರುವವರ ಮೇಲೆ ಎಸೆದ ಕಲ್ಲಿನಿಂದ ಯಾವ ಮೃತನಿಗೂ ಗೌರವ ಸಲ್ಲಲಿಲ್ಲ. ಬದಲಾಗಿ, ಅದುವರೆಗೆ ಉತ್ತರ ಕೊಡಬೇಕಾಗಿದ್ದವರು ಆ ಕ್ಷಣದಿಂದ ದೂರು ಕೊಡುವವರಾದರು. ಲೋಕದ ಕಣ್ಣು ಸ್ಮಾರಕದಿಂದ ಸರಿದು ಒಡೆದ ಗಾಜಿನ ಮೇಲೆ ನೆಟ್ಟಿತು. ನ್ಯಾಯವಾದ ನೋವನ್ನು ಹಿಂಸೆಯ ಕೈಗೆ ಒಪ್ಪಿಸಿದಾಗ ಮೊದಲು ನಷ್ಟವಾಗುವುದು ಆ ನೋವಿನ ನ್ಯಾಯವೇ.

ಅರ್ಜೆಂಟೀನಾದ ರಾಯಭಾರಿ ಅಲಿಸಿಯಾ ಕ್ಯಾಸ್ಟ್ರೊ ಅವರು ಬಿಬಿಸಿಯಿಂದ ಕ್ಷಮಾಯಾಚನೆಯನ್ನು ಕೇಳಿದರು. ಸಂಸ್ಥೆಯ ದೂರದರ್ಶನ ವಿಭಾಗದ ಮುಖ್ಯಸ್ಥ ಡ್ಯಾನಿ ಕೋಹೆನ್ ಅವರು ರಾಯಭಾರಿಯನ್ನು ಕಂಡು ಮಾತನಾಡಿದರೂ ಸಂಸ್ಥೆ ಕ್ಷಮೆ ಕೇಳಲಿಲ್ಲ. ಉದ್ದೇಶವಿರಲಿಲ್ಲವಾದ್ದರಿಂದ ಅಪರಾಧವಿಲ್ಲ, ಅಪರಾಧವಿಲ್ಲದ್ದರಿಂದ ಕ್ಷಮೆಯ ಪ್ರಶ್ನೆಯೇ ಇಲ್ಲ ಎಂಬುದು ಈ ನಿಲುವಿನ ಹಿಂದಿನ ತರ್ಕವೆಂದು ತೋರುತ್ತದೆ. ನ್ಯಾಯಾಲಯದಲ್ಲಿ ಈ ತರ್ಕ ಸರಿ. ಆದರೆ ಮನುಷ್ಯರ ನಡುವೆ ಕ್ಷಮೆಯೆಂಬುದು ಅಪರಾಧದ ಒಪ್ಪಿಗೆ ಮಾತ್ರವಲ್ಲ. ತಿಳಿದು ಮಾಡಿದ್ದಕ್ಕೆ ಹೇಗೋ ಹಾಗೆ ತಿಳಿಯದೆ ಆದುದಕ್ಕೂ ಕೈಮುಗಿದು ಕೇಳುವ ರೂಢಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 'ನಾವು ಬೇಕೆಂದು ಮಾಡಲಿಲ್ಲ. ಆದರೂ ನಮ್ಮಿಂದ ನಿಮ್ಮ ಗಾಯ ಕೆದಕಿದಂತಾಯಿತು, ಮನ್ನಿಸಿ' ಎಂಬ ಒಂದು ವಾಕ್ಯದಿಂದ ಅವರ ಸತ್ಯಕ್ಕೆ ಕುಂದು ಬರುತ್ತಿರಲಿಲ್ಲ. ಸಂಸ್ಥೆಯ ಘನತೆ ಹೆಚ್ಚುತ್ತಿತ್ತು. ಅದೇ ರೀತಿ, ಕಲ್ಲೆಸೆತವನ್ನು ಆ ಪ್ರಾಂತದ ಆಡಳಿತಗಾರರು ಬಾಯಿ ತುಂಬ ಖಂಡಿಸಿದ್ದರೆ ಅವರ ಬೇಡಿಕೆಗೂ ಬಲ ಬರುತ್ತಿತ್ತು.

ಮುಂದಿನ ಕಥೆ ಸಂಕ್ಷಿಪ್ತ. 2015ರ ಮಾರ್ಚ್‌ನಲ್ಲಿ ಕ್ಲಾರ್ಕ್‌ಸನ್ನರು ತಮ್ಮದೇ ತಂಡದ ಒಬ್ಬ ನಿರ್ಮಾಪಕನ ಮೇಲೆ ಕೈ ಮಾಡಿದ ಕಾರಣ ಬಿಬಿಸಿ ಅವರ ಒಪ್ಪಂದವನ್ನು ನವೀಕರಿಸಲಿಲ್ಲ. ಮೂವರೂ ಅಲ್ಲಿಂದ ಹೊರಟು ಬೇರೊಂದು ಕಾರ್ಯಕ್ರಮವನ್ನು ನಡೆಸಿ 2024ರಲ್ಲಿ ಜೊತೆಯ ಪ್ರಯಾಣಗಳನ್ನು ಮುಗಿಸಿದರು. 'ಟಾಪ್ ಗೇರ್' ಅನ್ನು ಬಿಬಿಸಿ 2023ರಲ್ಲಿ ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು.

ಕಾರ್ಯಕ್ರಮ ಮುಗಿದಿದ್ದರೂ ಅದು ಎತ್ತಿದ ಪ್ರಶ್ನೆ ಮುಗಿದಿಲ್ಲ. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಕ್ಯಾಮರಾ ಇದೆ. ಪರಸ್ಥಳಕ್ಕೆ ಹೋದವರೆಲ್ಲ ಚಿತ್ರ ತೆಗೆಯುತ್ತಾರೆ, ವಿನೋದ ಮಾಡುತ್ತಾರೆ, ಅದನ್ನು ಲೋಕಕ್ಕೆ ತೋರಿಸುತ್ತಾರೆ. ನಮ್ಮ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಹೋಗುವ ಊರಿನವರು ಯಾವುದನ್ನು ನೆನೆದು ಅಳುತ್ತಾರೆಂಬುದನ್ನು ಹೊರಡುವ ಮೊದಲು ಕೇಳಿ ತಿಳಿಯುವಂತೆ ಅವರಿಗೆ ಹೇಳಿಕೊಡಬೇಕು. ಚಿತ್ರೀಕರಣಕ್ಕೆ ಅನುಮತಿ ಕೊಡುವ ಸ್ಥಾನದಲ್ಲಿರುವವರು, ಬರಹದಲ್ಲಿ ಕೊಟ್ಟ ಮಾತಿಗೂ ತೆರೆಯ ಮೇಲೆ ಬರುವುದಕ್ಕೂ ಎಷ್ಟು ಅಂತರವಿರಬಹುದೆಂಬುದನ್ನು ಭಾರತದ ಪ್ರಯಾಣದ ಪ್ರಸಂಗದಿಂದ ತಿಳಿದು ಎಚ್ಚರ ವಹಿಸಬೇಕು. ನಗುವುದು ತಪ್ಪಲ್ಲ, ನಗಿಸುವುದೂ ತಪ್ಪಲ್ಲ. ಆದರೆ ನಗುವ ಮೊದಲು ಪಕ್ಕದಲ್ಲಿರುವವನ ಮುಖವನ್ನು ಒಮ್ಮೆ ನೋಡುವ ಅಭ್ಯಾಸವಿದ್ದರೆ, 'ತಮಾಷೆಗೆ ಹೇಳಿದೆ', 'ಗೊತ್ತಿರಲಿಲ್ಲ' ಎಂಬ ಎರಡು ಸಮಾಧಾನಗಳೂ ಬೇಕಾಗುವ ಸಂದರ್ಭ ಬಹಳ ಕಡಿಮೆಯಾಗುತ್ತದೆ.